ಲಿಫ್ಟರ್ ಹುಡುಗಿಯ ತಾಯಿ

ನಮ್ಮೂರಲ್ಲಿ ಮೇಲಕ್ಕೆ ಎಸೆದ ವಸ್ತು ತಕ್ಷಣ ಕೆಳಗೆ ಬರುವುದಿಲ್ಲ. ಮೇಲೆ ಹೋಗಿ, ಅಲ್ಲೇ ಒಂದು ಗಳಿಗೆ ನಿಂತು, ಸುಧಾರಿಸಿಕೊಂಡವರ ಹಾಗೆ ಆಮೇಲೆ ಇಳಿಯುತ್ತದೆ. ಮದುವೆ ಮನೆಯಲ್ಲಿ ಅಕ್ಷತೆ ಹಾಕಿದರೆ ಗಂಡು ಹೆಣ್ಣಿನ ತಲೆಯ ಮೇಲೆ ಹಳದಿ ಮೋಡ ಕಟ್ಟಿದ ಹಾಗೆ ಕಾಳು ನಿಂತಿರುತ್ತದೆ. ಫೋಟೋ ತೆಗೆಯುವವರಿಗೆ ಅನುಕೂಲ. ಮೊರದಲ್ಲಿ ಅಕ್ಕಿ ಕೇರುವ ಹೆಂಗಸರು ಅಕ್ಕಿ ಮೇಲಿರುವಾಗಲೇ ಕಲ್ಲು ಹೆಕ್ಕಿಬಿಡುತ್ತಾರೆ. ಹೊರಗಿನಿಂದ ಬಂದ ನೆಂಟರು ಮೊದಮೊದಲು ಬಾಯಿ ಬಿಟ್ಟುಕೊಂಡು ನೋಡಿ, ಊಟದ ಹೊತ್ತಿಗೆ ಮರೆತಿರುತ್ತಾರೆ. ನಮಗಂತೂ ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ನೀರು ಗಡುಸಾಗಿರುವ ಊರಿನವರು ಬೇಳೆಯನ್ನು ಸ್ವಲ್ಪ ಮುಂಚೆಯೇ ಒಲೆಗಿಡುತ್ತಾರಲ್ಲ, ಅಷ್ಟೇ ವ್ಯತ್ಯಾಸ.

ಆದರೆ ವಾಲಿಬಾಲ್ ವಿಷಯ ಬಂದರೆ ಅದು ಅಷ್ಟೇ ಅಲ್ಲ. ನಮ್ಮ ಕಾಲೇಜಿನ ಹೆಣ್ಣುಮಕ್ಕಳ ತಂಡವನ್ನು ನಮ್ಮ ಮೈದಾನದಲ್ಲಿ ಸೋಲಿಸಿದವರು ಹುಟ್ಟಿಲ್ಲ. ಬಂದ ತಂಡದವರು ಚೆಂಡು ಬರುವ ಮೊದಲೇ ನೆಗೆದು, ಗಾಳಿಗೆ ಹೊಡೆದು, ಇಳಿದಮೇಲೆ ಚೆಂಡು ಅವರ ನೆತ್ತಿಯ ಮೇಲೆ ಬೀಳುವುದನ್ನು ನೋಡಲು ಊರಿಗೆ ಊರೇ ಬರುತ್ತದೆ. ಹಾಗೆಯೇ ನಮ್ಮ ಹುಡುಗಿಯರು ಹೊರಗೆ ಹೋಗಿ ಒಂದು ಸೆಟ್ಟನ್ನಾದರೂ ಗೆದ್ದು ಬಂದದ್ದಿಲ್ಲ. ಹೊಳೆಯ ಸೇತುವೆ ದಾಟಿದರೆ ಸಾಕು, ಚೆಂಡು ಎಲ್ಲ ಊರಿನ ಚೆಂಡಿನ ಹಾಗೆ ಬೀಳತೊಡಗುತ್ತದೆ. ನಮ್ಮವರು ಕಾಯುತ್ತ ನಿಂತಿರುವಾಗಲೇ ಅದು ನೆಲ ಕಂಡಿರುತ್ತದೆ.

ಈ ಆಟದಲ್ಲಿ ಮೂರು ತಟ್ಟಿನೊಳಗೆ ಚೆಂಡನ್ನು ನೆಟ್ಟಿನಾಚೆ ಕಳಿಸಬೇಕು. ಒಬ್ಬಳು ತಡೆದು ಕೊಡುತ್ತಾಳೆ, ಕೊನೆಗೊಬ್ಬಳು ಹೊಡೆಯುತ್ತಾಳೆ. ನಡುವಿನ ಚೆಂಡು ಲಿಫ್ಟರ್‌ದು. ಯಾರಿಗೆ ಎತ್ತಿಕೊಡಬೇಕು, ಎಷ್ಟು ಎತ್ತರಕ್ಕೆ ಕೊಡಬೇಕು ಎಂಬುದೆಲ್ಲ ಅವಳ ಬೆರಳ ತುದಿಯಲ್ಲಿ. ಗೆದ್ದರೆ ಹೊಡೆದವಳಿಗೆ ಚಪ್ಪಾಳೆ, ಸೋತರೆ ಲಿಫ್ಟರ್‌ಗೆ ಬೈಗುಳ. ಆ ವರ್ಷ ನಮ್ಮ ತಂಡದಲ್ಲಿ ಇಬ್ಬರು ಲಿಫ್ಟರ್‌ಗಳಿದ್ದರು. ಆಡಬೇಕಾದವಳು ಒಬ್ಬಳು. ಅದರ ವಾದ ನಡೆಯುತ್ತಿದ್ದದ್ದು ಅನಸೂಯಕ್ಕನ ಹೋಟೆಲಿನಲ್ಲಿ.

ನನ್ನ ಟೈಲರಿಂಗ್ ಅಂಗಡಿ ಆ ಹೋಟೆಲಿನ ಪಕ್ಕದ ಮಳಿಗೆ. ಹಾಗಾಗಿ ವಾದದಲ್ಲಿ ನಾನು ತಪ್ಪದೆ ಇರುತ್ತಿದ್ದೆ. ರಿಟೈರಾದ ಪೋಸ್ಟ್‌ಮಾಸ್ಟರ್ ಶಿವನಂಜಪ್ಪನವರು ಇರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಹಣ್ಣಿನ ಅಂಗಡಿ ಇಟ್ಟಿರುವ ಜಬ್ಬಾರಣ್ಣ ಮಧ್ಯಾಹ್ನ ವ್ಯಾಪಾರ ತಣ್ಣಗಾದ ಮೇಲೆ ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅವರ ಮಗಳು ನಾಜಿಮಾ ಮೊದಲನೇ ಲಿಫ್ಟರ್. ಎರಡನೆಯವಳು ಹಂಸಾ, ಅನಸೂಯಕ್ಕನ ಒಬ್ಬಳೇ ಮಗಳು.

ವಾದದಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಅನಸೂಯಕ್ಕನದೇ. ಕಾವಲಿಯ ಮುಂದೆ ನಿಂತು, ದೋಸೆಯನ್ನು ಮಗುಚಿ ಹಾರಿಸಿ, ಅದು ಗಾಳಿಯಲ್ಲಿ ನಿಂತಿರುವಾಗ ಎರಡು ಮಾತು ಹೇಳಿ ಮುಗಿಸುತ್ತಿದ್ದಳು. "ನಾಜಿಮಾ ಇರೋವಾಗ ಬೇರೆ ಯೋಚನೆ ಯಾಕ್ರೀ? ಅವಳು ಎತ್ತಿದ ಚೆಂಡು ಮೇಲೆ ನಿಂತ್ರೆ ಬಾಗಿಲಿಗೆ ತೂಗು ಹಾಕಿದ ನಿಂಬೆಹಣ್ಣು ನಿಂತ ಹಾಗೆ ನಿಲ್ಲತ್ತೆ. ಹೊಡೆಯೋಳು ಬಂದು, ಲಂಗ ಸರಿ ಮಾಡ್ಕೊಂಡು ಹೊಡೀಬಹುದು."

"ಹಂಸಾನೂ ಚುರುಕಾಗಿದಾಳಲ್ಲ ಅಕ್ಕಾ," ಎಂದು ನಾನು ಅಂದರೆ ಸಾಕು. "ಚುರುಕು ಇಟ್ಕೊಂಡು ಏನು ಮಾಡ್ತೀಯ? ಅವಳಿಗೆ ಕಾಯೋಕೆ ಬರಲ್ಲ. ಮೊಣಕಾಲೆತ್ತರಕ್ಕೆ ಎತ್ತಿ ಓಡಿಬಿಡ್ತಾಳೆ. ನನ್ನ ಮಗಳು ಅಂತ ಸುಳ್ಳು ಹೇಳ್ಲಾ?"

ಹಂಸಾಳಿಗೆ ಕಾಯಲು ಬಾರದ್ದಕ್ಕೆ ಕಾರಣವಿತ್ತು. ಅನಸೂಯಕ್ಕನನ್ನು ಹೊರಗಿನ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಮಗಳ ಕೈ ಹಿಡಿದುಕೊಂಡು ತವರಿಗೆ ಬಂದಳು. ಹಂಸಾ ಆಗ ಮಿಡ್ಲ್ ಸ್ಕೂಲಿನಲ್ಲಿದ್ದಳು. ಅಷ್ಟು ಹೊತ್ತಿಗೆ ಆ ಹುಡುಗಿಯ ಕೈ ಅಲ್ಲಿನ ನೆಲಕ್ಕೆ ಹೊಂದಿಕೊಂಡಿತ್ತು. ಇಲ್ಲಿ ಯಾರಾದರೂ ಒಂದು ಸೀಬೆಹಣ್ಣು ಎಸೆದರೆ ಅದು ಮೇಲಿರುವಾಗಲೇ ಅಂಗೈ ಮುಚ್ಚಿಕೊಳ್ಳುತ್ತಿದ್ದಳು, ಹಣ್ಣು ಆಮೇಲೆ ಮುಚ್ಚಿದ ಮುಷ್ಟಿಯ ಮೇಲೆ ಬೀಳುತ್ತಿತ್ತು. ಮಕ್ಕಳು ನಗುತ್ತಿದ್ದರು. ಅನಸೂಯಕ್ಕ ಹಿತ್ತಲಲ್ಲಿ ಮಗಳನ್ನು ನಿಲ್ಲಿಸಿಕೊಂಡು ಬದನೆಕಾಯಿ ಎಸೆದು ಎಸೆದು ಕಲಿಸಿದಳು. ಹುಡುಗಿ ಕಾಯುವುದನ್ನು ಕಲಿತಳು, ಆದರೆ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು. ಅಂದಿನಿಂದ ಅನಸೂಯಕ್ಕನಿಗೆ ಒಂದು ಚಾಳಿ ಹತ್ತಿಕೊಂಡಿತು. ಯಾರೇ ಹಂಸಾಳ ಮಾತೆತ್ತಲಿ, ಅವರು ಬಾಯಿ ತೆರೆಯುವ ಮೊದಲು ತಾನೇ ಅವಳ ಹುಳುಕು ಹೇಳಿಬಿಡುವಳು. "ಅವರು ಅನ್ನೋ ಮೊದಲು ನಾನೇ ಅಂದ್ಬಿಟ್ರೆ ಆ ಮಾತಿಗೆ ಮೊನೆ ಇರಲ್ಲ ಅಂತ ಅಂದ್ಕೊಂಡಿದ್ದೆ ಕಣಪ್ಪ," ಎಂದು ಎಷ್ಟೋ ಕಾಲದ ಮೇಲೆ ನನ್ನ ಹತ್ತಿರ ಹೇಳಿದಳು. ಮುಂದೆ ನಾನು ಹೇಳುವುದರಲ್ಲಿ ಅವಳೊಬ್ಬಳಿಗೇ ಗೊತ್ತಿದ್ದದ್ದೆಲ್ಲ ಅವಳು ಹಾಗೆ ಹೇಳಿಕೊಂಡದ್ದೇ.

ಆ ಸಲ ನಮ್ಮ ತಂಡ ಯೂನಿವರ್ಸಿಟಿ ಫೈನಲ್‌ಗೆ ಬಂದಿತ್ತು. ಚೀಟಿ ಎತ್ತಿದಾಗ ಎಲ್ಲ ಪಂದ್ಯಗಳೂ ನಮ್ಮ ಮೈದಾನಕ್ಕೇ ಬಿದ್ದ ಪುಣ್ಯ ಅದು. ಫೈನಲ್ ಮಾತ್ರ ಹೊರಗೆ, ಜಿಲ್ಲಾ ಕ್ರೀಡಾಂಗಣದಲ್ಲಿ. ವಾದ ಬಿಸಿ ಏರಿತು. ಯಾವತ್ತೂ ಬಾಯಿ ಬಿಡದ ಜಬ್ಬಾರಣ್ಣ ಒಂದು ಮಧ್ಯಾಹ್ನ ಟೀ ಲೋಟ ಕೆಳಗಿಟ್ಟು, "ಫೈನಲ್‌ಗೆ ಹಂಸಾ ಆಡ್ಬೇಕು," ಎಂದರು.

ಎಲ್ಲರೂ ಅವರ ಕಡೆ ತಿರುಗಿದೆವು. "ಅಲ್ಲಿ ಚೆಂಡು ನಿಲ್ಲಲ್ಲ. ನನ್ನ ಮಗಳು ನಿಲ್ಲತ್ತೆ ಅಂತ ಕಾಯ್ತಾಳೆ. ಹಂಸಾ ಆ ಕಡೆ ಬೆಳೆದೋಳು," ಎಂದರು ಜಬ್ಬಾರಣ್ಣ.

ಶಿವನಂಜಪ್ಪನವರಿಗೆ ಸಿಟ್ಟು ಬಂತು. "ಇಷ್ಟು ದೂರ ಕರ್ಕೊಂಡು ಬಂದೋಳನ್ನ ಕೊನೇಲಿ ಕೂರಿಸೋದಾ? ಅದೂ ಅವಳ ಕೊನೇ ವರ್ಷ. ಯಾವ ನ್ಯಾಯ ಸ್ವಾಮಿ?" ಎಂದರು. ಅನಸೂಯಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಜಬ್ಬಾರಣ್ಣ, ನೀವು ದೊಡ್ಡ ಮನಸ್ಸಿನವರು ಅಂತ ಎಲ್ರಿಗೂ ಗೊತ್ತು. ಅದಕ್ಕೆ ನಿಮ್ಮ ಮಗಳನ್ನ ಬಲಿ ಕೊಡ್ಬೇಡಿ. ಹಂಸಾನ ಕೈಗೆ ನಾನು ಈ ಹೋಟೆಲಿನ ಮೊಟ್ಟೆ ಬುಟ್ಟಿನೇ ಕೊಡಲ್ಲ, ಊರಿನ ಮಾನ ಕೊಡ್ತೀನಾ?"

ನಾವು ನಕ್ಕೆವು. ನಗು ಇನ್ನೂ ಬಾಯಲ್ಲಿರುವಾಗ ಅಡಿಗೆಮನೆಯ ಪರದೆ ಸರಿಯಿತು. ಹಂಸಾ ನಿಂತಿದ್ದಳು. ಕಾಲೇಜಿನಿಂದ ಹಿಂಬಾಗಿಲಲ್ಲಿ ಬಂದು ಲೋಟ ತೊಳೆಯುತ್ತಿದ್ದಳೆಂದು ಕಾಣುತ್ತದೆ, ಕೈ ತುಂಬ ಸಬೀನ ಪುಡಿಯ ನೊರೆ. ತೊಳೆದ ಲೋಟಗಳ ತಟ್ಟೆಯನ್ನು ತಂದು ತಾಯಿಯ ಪಕ್ಕದಲ್ಲಿ ಮೆತ್ತಗೆ ಇಟ್ಟು, ಕೈ ಒರೆಸಿಕೊಂಡು ಹೊರಟುಹೋದಳು. ಒಂದು ಲೋಟವೂ ಸದ್ದು ಮಾಡಲಿಲ್ಲ.

ಅದಾದಮೇಲೆ ಹಂಸಾ ತಾಯಿಯ ಜೊತೆ ಜಗಳವಾಡಲಿಲ್ಲ. ಆಡಿದ್ದರೆ ಅನಸೂಯಕ್ಕನಿಗೆ ಸಮಾಧಾನವಾಗುತ್ತಿತ್ತು. ಕೇಳಿದ್ದಕ್ಕೆ ಹೂಂ, ಊಹೂಂ. ಬಡಿಸಿದ್ದನ್ನು ಉಂಡು ಏಳುವಳು. ಸಂಜೆ ಅಭ್ಯಾಸ ಮುಗಿದಮೇಲೂ ಮನೆಗೆ ಬರುತ್ತಿರಲಿಲ್ಲ. ಎಲ್ಲಿಗೆ ಹೋಗ್ತೀಯೆಂದು ಕೇಳಲು ಅನಸೂಯಕ್ಕನಿಗೆ ಬಾಯಿ ಬರಲಿಲ್ಲ. "ನಾನೇನು ಇಲ್ಲದ್ದು ಹೇಳಿದ್ನಾ?" ಎಂದು ನನ್ನನ್ನು ಕೇಳಿದಳು. ನಾನು ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುವ ನೆಪದಲ್ಲಿ ಬಗ್ಗಿಬಿಟ್ಟೆ.

ಅವಳ ಪ್ರಶ್ನೆಗೆ ಉತ್ತರ ಹೇಳಿದವರು ಜಬ್ಬಾರಣ್ಣ. ಒಂದು ದಿನ ಬೆಳಿಗ್ಗೆ, ಹೋಟೆಲಿನಲ್ಲಿ ಯಾರೂ ಇಲ್ಲದಾಗ, ಒಂದು ಪೊಟ್ಟಣ ಸಪೋಟ ಹಿಡಿದುಕೊಂಡು ಬಂದರು. "ಅನಸೂಯಮ್ಮ, ನೀವು ನನ್ನ ಮಗಳ ಪರ ಮಾತಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಆದ್ರೆ ಮೊನ್ನೆ ಹಂಸಾ ನಮ್ಮನೇಲಿ ಕೂತು ಅತ್ತಳು. ನಮ್ಮ ಮನೆಯವಳು ಅವಳ ತಲೆ ತೊಡೆ ಮೇಲೆ ಇಟ್ಕೊಂಡು ಸಮಾಧಾನ ಮಾಡಿದ್ಲು."

"ನಾನು ನ್ಯಾಯದ ಮಾತಾಡಿದೆ ಅಣ್ಣಾ."

"ನ್ಯಾಯ ಹೇಳೋಕೆ ಊರು ತುಂಬ ಜನ ಇದಾರೆ. ಶಿವನಂಜಪ್ಪನೋರು ಒಬ್ರೇ ಸಾಕು. ಆ ಮಗೂಗೆ ಅಮ್ಮ ಅಂತ ಇರೋದು ನೀವೊಬ್ರೇ." ಅವರು ತಲೆ ತಗ್ಗಿಸಿಕೊಂಡರು. "ನಾನೂ ತಪ್ಪು ಮಾಡ್ದೆ. ಎಲ್ಲರೆದುರಿಗೆ ಹಂಸಾ ಆಡ್ಲಿ ಅಂದೆನಲ್ಲ, ನಾಜಿಮಾ ಮನೇಲಿ ಕೇಳಿದ್ಲು, 'ಅಬ್ಬಾ, ನೀವು ಒಂದು ಸಲ ನನ್ನ ಹೆಸ್ರು ಹೇಳ್ಬಾರದಿತ್ತಾ' ಅಂತ." ಹೊರಡುವಾಗ ಬಾಗಿಲಲ್ಲಿ ನಿಂತು, "ಸಂಜೆ ಹುಡುಗೀರು ಸೇತುವೆ ಆಚೆ ಇಟ್ಟಿಗೆ ಭಟ್ಟಿ ಹತ್ರ ಇರ್ತಾರೆ. ಹೋಗಿ ನೋಡಿ," ಎಂದರು.

ಊರಿಗೆ ಮರಳಿ ಬಂದಮೇಲೆ ಅನಸೂಯಕ್ಕ ಆ ಸೇತುವೆ ದಾಟಿರಲಿಲ್ಲ. ದಾಟಬಾರದೆಂದು ಹರಕೆಯೇನೂ ಇರಲಿಲ್ಲ, ದಾಟುವ ಮನಸ್ಸಾಗಿರಲಿಲ್ಲ ಅಷ್ಟೇ. ಆ ಸಂಜೆ ಸೆರಗು ಬಿಗಿದುಕೊಂಡು ಹೋದಳು. ಭಟ್ಟಿಯ ಅಂಗಳದಲ್ಲಿ ಎರಡು ಗಳ ನೆಟ್ಟು, ನಡುವೆ ಬಟ್ಟೆ ಒಣಗಿಸುವ ಹಗ್ಗ ಬಿಗಿದಿದ್ದರು. ಮೂವರು ಹುಡುಗಿಯರು: ಹಂಸಾ, ನಾಜಿಮಾ, ಜೊತೆಗೆ ತಂಡದಲ್ಲಿ ಹೊಡೆಯುವ ಗಿರಿಜಾ. ಅನಸೂಯಕ್ಕ ಇಟ್ಟಿಗೆ ಪೇರಿಸಿದ ಗೋಡೆಯ ಮರೆಯಲ್ಲಿ ನಿಂತಳು.

ನಾಜಿಮಾ ಎತ್ತುವ ಸರದಿ. ಚೆಂಡು ಮೇಲೆ ಹೋಯಿತು. ಗಿರಿಜಾ ಅಭ್ಯಾಸಬಲದಿಂದ ಒಂದು ಗಳಿಗೆ ತಡೆದಳು. ಚೆಂಡು ಧೊಪ್ಪೆಂದು ಇಬ್ಬರ ನಡುವೆ ಬಿತ್ತು. ನಾಜಿಮಾ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಈ ಕಡೆ ಚೆಂಡಿಗೆ ಸ್ವಲ್ಪನಾದ್ರೂ ಮರ್ಯಾದೆ ಇದ್ಯಾ?" ಎಂದಳು. ಮೂವರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಹಂಸಾ ಬಂದು ನಿಂತಳು.

ಅನಸೂಯಕ್ಕ ಮಗಳ ಪಂದ್ಯ ನೋಡಿದ್ದಳು, ಆದರೆ ಯಾವಾಗಲೂ ತಪ್ಪು ಎಲ್ಲಿ ಮಾಡುತ್ತಾಳೋ ಎಂದು ಜೀವ ಹಿಡಿದುಕೊಂಡು ನೋಡಿದ್ದಳು. ಇಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಚೆಂಡು ಬಂತು, ಹಂಸಾಳ ಬೆರಳಿಗೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ಗಿರಿಜಾಳ ಅಂಗೈಯ ಮುಂದಿತ್ತು. ಗಿರಿಜಾ ಹೊಡೆದಳು. ಮತ್ತೆ ಬಂತು, ಮತ್ತೆ ಹೋಯಿತು. ಹುಡುಗಿಯ ದವಡೆ ಬಿಗಿದಿರಲಿಲ್ಲ. ಹುಬ್ಬು ಗಂಟಿಕ್ಕಿರಲಿಲ್ಲ. ಬಾವಿಯಿಂದ ಹೊಳೆಗೆ ಬಿಟ್ಟ ಮೀನಿನ ಹಾಗೆ ಇಡೀ ಮೈ ಸಲೀಸಾಗಿತ್ತು. ಹಿತ್ತಲಲ್ಲಿ ಬದನೆಕಾಯಿ ಎಸೆದು ಎಸೆದು ತಾನು ಸರಿಮಾಡಲು ಹೊರಟಿದ್ದ ಕೈ ಅದು. ಆ ಕೈಗೆ ಏನೂ ಆಗಿರಲಿಲ್ಲ. ಅನಸೂಯಕ್ಕ ಇಟ್ಟಿಗೆಗೆ ಹಣೆಯಾನಿಸಿಕೊಂಡು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಅವರಿಗೆ ಕಾಣಿಸಿಕೊಳ್ಳದೆ ಹಿಂದಿರುಗಿದಳು. ಹಣೆಯ ಮೇಲೆ ಕೆಂಪು ಧೂಳು ಮೆತ್ತಿದ್ದು ಅವಳಿಗೆ ಗೊತ್ತಿರಲಿಲ್ಲ. ಕುಂಕುಮದ ಹಾಗಿತ್ತು, ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ನೋಡಿದೆ.

ತಿಳಿದದ್ದೆಲ್ಲ ಬಾಯಿಗೆ ಬರಬೇಕಲ್ಲ. ಮರುದಿನ ತಂಡದ ಕೋಚ್ ರೋಹಿಣಿ ಮೇಡಂ ಟೀ ಕುಡಿಯಲು ಬಂದರು. ನಮ್ಮ ವಾದವನ್ನೆಲ್ಲ ಕೇಳಿಯೂ ಕೇಳದವರ ಹಾಗೆ ಇರುತ್ತಿದ್ದ ಹೆಂಗಸು, ಅಂದು ನೇರವಾಗಿ ಕೇಳಿದರು. "ನೀವೇನಂತೀರಿ ಅನಸೂಯಮ್ಮ? ಯಾರನ್ನ ಆಟಕ್ಕೆ ಇಳಿಸ್ಲಿ?" ಶಿವನಂಜಪ್ಪನವರು ನೋಡುತ್ತಿದ್ದರು. ನಾನು ನೋಡುತ್ತಿದ್ದೆ. ಜಬ್ಬಾರಣ್ಣ ಬೇಕೆಂದೇ ಹೊರಗೆ ನೋಡುತ್ತಿದ್ದರು. ಅನಸೂಯಕ್ಕ ಕಾವಲಿಯ ಮೇಲಿದ್ದ ದೋಸೆ ಕರಕಲಾಗುವವರೆಗೂ ನಿಂತಿದ್ದು, "ನಿಮಗೆ ಸರಿ ಕಂಡದ್ದು ಮಾಡಿ ಮೇಡಂ," ಎಂದಳು. ತನ್ನ ಮಗಳ ಹೆಸರು ತನ್ನ ಬಾಯಲ್ಲೇ ಅಷ್ಟು ಭಾರವಾಗಬಹುದೆಂದು ಅವಳಿಗೆ ಗೊತ್ತಿರಲಿಲ್ಲವಂತೆ.

ಫೈನಲ್ ದಿನ ಹೋಟೆಲಿಗೆ ಬೀಗ ಬಿತ್ತು. ಎರಡು ಬಸ್ ಮಾಡಿಕೊಂಡು ಹೊರಟೆವು. ಸೇತುವೆ ದಾಟುವಾಗ ಅನಸೂಯಕ್ಕ ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿ ಕೂತಿದ್ದ ಜಬ್ಬಾರಣ್ಣನ ಹೆಂಡತಿ ಅವಳ ಕೈಯಲ್ಲೊಂದು ಏಲಕ್ಕಿ ಬಾಳೆಹಣ್ಣು ಇಟ್ಟಳು.

ರೋಹಿಣಿ ಮೇಡಂ ನಾಜಿಮಾಳನ್ನು ಇಳಿಸಿದರು. ಹಂಸಾ ಬೆಂಚಿನ ಮೇಲೆ, ಮೊಣಕಾಲ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದಳು. ನಾಜಿಮಾ ಜೀವ ತೇಯ್ದು ಆಡಿದಳು, ಸುಳ್ಳು ಹೇಳಬಾರದು. ಆದರೆ ಪ್ರತಿ ವರ್ಷದ ಕಥೆಯೇ ನಡೆಯಿತು. ನಮ್ಮ ಹುಡುಗಿಯರು ಒಂದು ಗಳಿಗೆ ಕಾಯುವರು, ಆ ಗಳಿಗೆ ಅಲ್ಲಿ ಇರುವುದೇ ಇಲ್ಲ. ಮೊದಲ ಸೆಟ್ ಹೋಯಿತು. ಎರಡನೆಯದೂ ಹೋಯಿತು. ಆ ಊರಿನ ಜನ ನಮ್ಮ ಕಡೆ ನೋಡಿ ಮರುಕದಿಂದ ಚಪ್ಪಾಳೆ ತಟ್ಟಿದರು. ಬೈದಿದ್ದರೆ ವಾಸಿಯಿತ್ತು. ಶಿವನಂಜಪ್ಪನವರು ಊಟದ ಗಂಟು ಬಿಚ್ಚಲು ಶುರುಮಾಡಿದರು.

ಆಗ ಅನಸೂಯಕ್ಕ ಎದ್ದು ನಿಂತಳು. ನಾಜಿಮಾಳ ಹೆಸರು ಕೂಗುತ್ತಾಳೆಂದೇ ನಾವೆಲ್ಲ ಅಂದುಕೊಂಡೆವು, ಅದೇ ರೂಢಿ. ಅವಳು ಎರಡೂ ಕೈಯನ್ನು ಬಾಯಿಗೆ ಹಿಡಿದು, "ಮೇಡಂ! ಹಂಸಾನ್ನ ಇಳಿಸ್ರೀ!" ಎಂದು ಕೂಗಿದಳು. ಕ್ರೀಡಾಂಗಣ ತಿರುಗಿ ನೋಡಿತು. "ನನ್ನ ಮಗಳನ್ನ ಇಳಿಸ್ರೀ! ನನ್ನ ಮಗಳು ಚೆನ್ನಾಗಿ ಆಡ್ತಾಳೆ! ನಾನು ನೋಡಿದೀನಿ!"

ಹಂಸಾ ಟವೆಲ್ ಹಿಡಿದುಕೊಂಡು ಎದ್ದು ನಿಂತಳು. ಆ ಹುಡುಗಿಯ ಮುಖವನ್ನು ನಾನು ದೂರದಿಂದ ನೋಡಿದೆ. ಮಳೆ ಬಂತೋ ಏನೋ ಎಂದು ಆಕಾಶ ನೋಡುವವರ ಹಾಗಿತ್ತು. ನಮ್ಮವರಲ್ಲಿ ಯಾರೋ ಕಿಸಕ್ಕೆಂದರು. ಜಬ್ಬಾರಣ್ಣ ಎದ್ದು ಅನಸೂಯಕ್ಕನ ಪಕ್ಕ ನಿಂತು, "ನಾಜಿಮಾನೂ ಚೆನ್ನಾಗಿ ಆಡಿದ್ಲು! ನನ್ನ ಮಗಳು ನಾಜಿಮಾ! ಶಾಭಾಶ್ ನನ್ನ ಕಂದಾ!" ಎಂದು ಅವಳಿಗಿಂತ ಜೋರಾಗಿ ಕೂಗಿದರು. ಒಬ್ಬರಿಗೊಬ್ಬರು ಎದುರೋ ಜೊತೆಯೋ ತಿಳಿಯದೆ ನಾವು ಎರಡಕ್ಕೂ ಚಪ್ಪಾಳೆ ಹೊಡೆದೆವು.

ಮೇಡಂ ಆ ಕೂಗಿಗೆ ಇಳಿಸಿದರೋ, ಮೊದಲೇ ಮನಸ್ಸು ಮಾಡಿದ್ದರೋ ಅವರಿಗೇ ಗೊತ್ತು. ನಾಜಿಮಾ ಹೊರಗೆ ಬಂದು, ಹಂಸಾಳ ಕೈಯಿಂದ ಟವೆಲ್ ತೆಗೆದುಕೊಂಡು, ಬೆನ್ನಿಗೊಂದು ಗುದ್ದು ಕೊಟ್ಟು ಒಳಗೆ ಕಳಿಸಿದಳು. ಮೂರನೇ ಸೆಟ್ಟಿನಲ್ಲಿ ಎದುರಾಳಿಗಳಿಗೆ ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಅದು ಮುಗಿದಿತ್ತು. ಹಂಸಾ ಎತ್ತುವಳು, ಗಿರಿಜಾ ಅಲ್ಲಿರುವಳು. ಉಳಿದ ಹುಡುಗಿಯರೂ ಅವಳ ಲಯಕ್ಕೆ ಬಿದ್ದರು. ನಮ್ಮ ಕಾಲೇಜು ಹೊರಗಿನ ನೆಲದಲ್ಲಿ ಮೊದಲ ಸಲ ಒಂದು ಸೆಟ್ ಗೆದ್ದಿತು. ಶಿವನಂಜಪ್ಪನವರು ಬಿಚ್ಚಿದ ಗಂಟನ್ನು ಯಾರ ಮಡಿಲಿಗೋ ಹಾಕಿ ಶಲ್ಯ ಬೀಸುತ್ತಿದ್ದರು.

ನಾಲ್ಕನೆಯದರಲ್ಲಿ ಎದುರಾಳಿಗಳು ಹಂಸಾಳ ಚುರುಕಿಗೆ ಹೊಂದಿಕೊಂಡು ನೆಟ್ಟಿನ ಮುಂದೆ ಬೇಗ ಬೇಗ ನೆಗೆದು ತಡೆಯತೊಡಗಿದರು. ನಡುವೆ ಆಟ ನಿಲ್ಲಿಸಿದಾಗ ನಾಜಿಮಾ ಹಂಸಾಳ ಭುಜ ಹಿಡಿದು ಏನೋ ಹೇಳಿದಳು. ಆಟ ಶುರುವಾದ ಮೇಲೆ ಹಂಸಾ ಒಂದು ಚೆಂಡನ್ನು ನಾಜಿಮಾಳ ಹಾಗೆ ಎತ್ತರಕ್ಕೆ, ಅಷ್ಟೆತ್ತರಕ್ಕೆ, ಎತ್ತಿದಳು. ಆಚೆಯವರು ನೆಗೆದು ಇಳಿದರು. ಚೆಂಡು ಇನ್ನೂ ಬರುತ್ತಲೇ ಇತ್ತು. ಗಿರಿಜಾ ಬಿಡುವಾಗಿ ಹೊಡೆದಳು. ಆ ಸೆಟ್ಟೂ ನಮ್ಮದಾಯಿತು.

ಕೊನೆಯದನ್ನು ಸೋತೆವು. ಕೂದಲೆಳೆಯಷ್ಟರಲ್ಲಿ. ಹಂಸಾ ಎತ್ತಿಕೊಟ್ಟ ಕೊನೆಯ ಚೆಂಡನ್ನು ಗಿರಿಜಾ ನೆಟ್ಟಿಗೆ ಹೊಡೆದಳು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಅತ್ತರು. ಆಮೇಲೆ ಆ ಊರಿನ ಜನ ಎದ್ದು ನಿಂತು ತಟ್ಟಿದ ಚಪ್ಪಾಳೆಯಲ್ಲಿ ಮರುಕ ಇರಲಿಲ್ಲ.

ಬಸ್ಸಿನ ಹತ್ತಿರ ಹಂಸಾ ಬಂದು ತಾಯಿಯ ಮುಂದೆ ನಿಂತಳು. ಅನಸೂಯಕ್ಕ ಅವಳ ಎರಡೂ ಕೈ ತೆಗೆದುಕೊಂಡು, ಉರಿಯುತ್ತಿದ್ದ ಬೆರಳ ತುದಿಗಳಿಗೆ ಊದಿದಳು. ಬೇರೇನೂ ಮಾಡಲು ತೋಚಲಿಲ್ಲ.

"ಯಾವಾಗ ನೋಡಿದ್ದು?" ಎಂದಳು ಹಂಸಾ.

"ಭಟ್ಟಿ ಹತ್ರ. ಇಟ್ಟಿಗೆ ಹಿಂದೆ ನಿಂತಿದ್ದೆ."

"ಮುಂದೆ ಬಂದು ನಿಲ್ಲಬಾರದಿತ್ತಾ ಅಮ್ಮಾ?"

"ನಾಚಿಕೆ ಆಯ್ತು ಕಣೇ."

ಹಂಸಾ, ಚಿಕ್ಕವಳಿದ್ದಾಗ ಮಾಡುತ್ತಿದ್ದಳಂತಲ್ಲ ಹಾಗೆ, ತಲೆಯನ್ನು ತಾಯಿಯ ಕುತ್ತಿಗೆಯ ಸಂದಿಗೆ ತೂರಿಸಿ ನಿಂತುಬಿಟ್ಟಳು. ಬಸ್ಸಿನವನು ಹಾರನ್ ಹೊಡೆದ. ಜಬ್ಬಾರಣ್ಣ ಅವನನ್ನು ಗದರಿಸಿ ಸುಮ್ಮನಿರಿಸಿದರು.

ಮಾರನೆಯ ದಿನ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊನೆಯ ಚೆಂಡಿನದೇ ಮಾತು. ಅದು ಗಿರಿಜಾಳ ತಪ್ಪೋ, ಎತ್ತಿದವಳ ತಪ್ಪೋ? "ಸ್ವಲ್ಪ ತಗ್ಗಾಯ್ತು ಅನ್ಸತ್ತೆ, ಹಂಸಾ..." ಎಂದು ಶಿವನಂಜಪ್ಪನವರು ಶುರುಮಾಡಿದರು.

"ಏನು ತಗ್ಗು?" ಅನಸೂಯಕ್ಕ ಸೌಟು ಎತ್ತಿಕೊಂಡು ಬಂದಳು. "ನನ್ನ ಮಗಳು ಬಂಗಾರದಂಥ ಚೆಂಡು ಕೊಟ್ಟಿದ್ಲು. ನಿಮ್ಮ ಕನ್ನಡಕ ಬದಲಾಯಿಸಿ ಪೋಸ್ಟ್‌ಮಾಸ್ಟ್ರೇ!"

"ನಾಜಿಮಾ ಇದ್ದಿದ್ರೆ ಆ ಚೆಂಡು ಹಾಗಾಗ್ತಿರ್ಲಿಲ್ಲ," ಎಂದರು ಮೂಲೆಯಿಂದ ಜಬ್ಬಾರಣ್ಣ, ಟೀ ಊದುತ್ತ.

"ಜಬ್ಬಾರಣ್ಣ! ನಾಜಿಮಾ ಆಡಿದ ಎರಡು ಸೆಟ್ಟು ಏನಾಯ್ತು ಅಂತ ನಾನು ಬಾಯಿ ಬಿಡ್ಬೇಕಾ?"

"ಬಿಡಿ ನೋಡೋಣ! ಆ ಎತ್ತರದ ಚೆಂಡು ಹೇಳ್ಕೊಟ್ಟಿದ್ದು ಯಾರು? ನನ್ನ ಮಗಳು!"

ಇಬ್ಬರಲ್ಲಿ ಯಾರೂ ಒಂದು ಕೂದಲಷ್ಟೂ ನ್ಯಾಯದ ಮಾತಾಡುತ್ತಿರಲಿಲ್ಲ. ಇಬ್ಬರ ಮುಖವೂ ಹಬ್ಬದ ಮನೆಯ ಹಾಗಿತ್ತು. ಅಡಿಗೆಮನೆಯ ಪರದೆಯ ಹಿಂದೆ ಲೋಟಗಳ ಸದ್ದು ನಿಂತಿತು. ಇಬ್ಬರು ಹುಡುಗಿಯರು ನಗು ತಡೆಯಲಾರದೆ ಒಬ್ಬರ ಬಾಯಿಯನ್ನೊಬ್ಬರು ಮುಚ್ಚುತ್ತಿರುವುದು ನಮಗೆಲ್ಲ ಕೇಳಿಸುತ್ತಿತ್ತು. ಅನಸೂಯಕ್ಕನಿಗೂ ಕೇಳಿಸಿತು. ಅವಳು ದನಿಯನ್ನು ಇನ್ನಷ್ಟು ಎತ್ತರಿಸಿದಳು.